ಮೊದಲ ಪಾಸಿನ ಲೆಕ್ಕ ಯಾರ ಹತ್ತಿರ ಇದೆ?

ವಾಲಿಬಾಲ್ ಪಂದ್ಯ ಮುಗಿದ ಮೇಲೆ ಅಂಕಣದ ಸುತ್ತ ನಿಂತವರ ಮಾತು ಹೆಚ್ಚಾಗಿ ಒಬ್ಬನ ಸುತ್ತಲೇ ತಿರುಗುತ್ತದೆ. ಎತ್ತರಕ್ಕೆ ಹಾರಿ ಹೊಡೆದವನ ಸುತ್ತ. ಗೆದ್ದರೆ ಅವನ ಸ್ಮ್ಯಾಷಿನಿಂದ ಗೆದ್ದರು, ಸೋತರೆ ಅವನ ಕೈ ಇವತ್ತು ನಡೆಯಲಿಲ್ಲ. ಆದರೆ ಆ ಹೊಡೆತಕ್ಕೆ ಮೊದಲು ಎರಡು ಕೆಲಸಗಳು ಆಗಿರುತ್ತವೆ. ಎದುರಾಳಿಯ ಸರ್ವ್ ಅನ್ನು ಒಬ್ಬ ಮುಂಗೈಯಲ್ಲಿ ತೆಗೆದುಕೊಂಡಿರುತ್ತಾನೆ. ಹಳ್ಳಿಯ ಅಂಗಳಗಳಲ್ಲಿ ಲಿಫ್ಟರ್ ಎಂದು ಕರೆಯುವ ಸೆಟ್ಟರ್ ಅದನ್ನು ನೆಟ್ಟಿನ ಬಳಿ ಎತ್ತಿಕೊಟ್ಟಿರುತ್ತಾನೆ. ಪಾಯಿಂಟ್ ಯಾರ ಕೈಯಲ್ಲಿ ಮುಗಿಯಿತು ಎಂಬುದು ಎಲ್ಲರಿಗೂ ಕಾಣುತ್ತದೆ. ಅದು ಎಲ್ಲಿ ಹುಟ್ಟಿತು ಅಥವಾ ಎಲ್ಲಿ ಕೆಟ್ಟಿತು ಎಂಬುದು ಬರೆದಿಟ್ಟುಕೊಂಡವರಿಗೆ ಮಾತ್ರ ಕಾಣುತ್ತದೆ.

ಭಾರತದ ಸಣ್ಣ ಊರುಗಳ ವಾಲಿಬಾಲ್‌ನಲ್ಲಿ ಇಲ್ಲದಿರುವುದು ಆ ಬರೆದಿಡುವ ಕೆಲಸ. ಎತ್ತರದ ಹುಡುಗರಿಗೆ ಕೊರತೆಯಿಲ್ಲ, ಜೋರಾಗಿ ಹೊಡೆಯುವವರಿಗಂತೂ ಇಲ್ಲವೇ ಇಲ್ಲ. ಎದುರಾಳಿಯನ್ನು ಗಮನಿಸುವ ರೂಢಿಯೂ ಒಂದಿಷ್ಟು ಇದೆ. ತಮ್ಮ ತಂಡವನ್ನೇ ಅಷ್ಟು ನಿಷ್ಠುರವಾಗಿ ಗಮನಿಸುವ ರೂಢಿ ಮಾತ್ರ ಬಹಳ ಕಡಿಮೆ. ಅದರಿಂದ ಪಂದ್ಯಗಳು ಸೋಲುತ್ತವೆ ಎಂಬುದು ಒಂದು ಮಾತು. ಅದಕ್ಕಿಂತ ದೊಡ್ಡ ನಷ್ಟ, ತಪ್ಪು ಆಟಗಾರರು ತಂಡದಿಂದ ಹೊರಗೆ ಹೋಗುತ್ತಾರೆ.

ನಾಸಿಕ್ ರೋಡ್‌ನಂಥ ಊರಿನಲ್ಲಿ ನಿಂತು ನೋಡಿದರೆ ಈ ನಷ್ಟದ ತೂಕ ತಿಳಿಯುತ್ತದೆ. ನಾಸಿಕ್ ಪಟ್ಟಣದಿಂದ ಕೆಲವು ಮೈಲಿ ದೂರದಲ್ಲಿ, ರೈಲು ನಿಲ್ದಾಣದ ಸುತ್ತ ಬೆಳೆದ ಊರು ಇದು. 1925ರಲ್ಲಿ ಇಲ್ಲಿ ಸೆಕ್ಯುರಿಟಿ ಪ್ರೆಸ್ ಕೆಲಸ ಶುರುಮಾಡಿ ಅಂಚೆಚೀಟಿಗಳನ್ನು ಮುದ್ರಿಸತೊಡಗಿತು. 1928ರಲ್ಲಿ ಕರೆನ್ಸಿ ನೋಟ್ ಪ್ರೆಸ್ ಬಂತು. ಪಕ್ಕದಲ್ಲಿ ಸೇನೆಯ ಆರ್ಟಿಲರಿ ಸೆಂಟರ್ ಇದೆ. ಇನ್ನೂ ಸ್ವಲ್ಪ ಆಚೆ, ಓಝರ್‌ನಲ್ಲಿ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಎಚ್‌ಎಎಲ್‌ನ ವಿಮಾನ ಕಾರ್ಖಾನೆ ಇದೆ. ರೈಲ್ವೆ, ಸೇನೆ, ಸರ್ಕಾರಿ ಮುದ್ರಣಾಲಯ, ಸಾರ್ವಜನಿಕ ಉದ್ಯಮ: ದೇಶದ ನಾನಾ ಭಾಗದವರು ಕೆಲಸದ ಮೇಲೆ ಬಂದು ಕ್ವಾರ್ಟರ್ಸ್‌ಗಳಲ್ಲಿ ನೆಲೆಸುವ ಊರುಗಳು ಇಂಥವೇ. ಮೈದಾನ, ಎರಡು ಕಂಬ, ಒಂದು ಬಲೆ ಇದ್ದರೆ ಸಾಕಾಗುವ ವಾಲಿಬಾಲ್ ಇಂಥ ಊರುಗಳಿಗೆ ಹೇಳಿಮಾಡಿಸಿದ ಆಟ.

ಆಟದ ಜೊತೆಗೆ ನೌಕರಿಯೂ ಅಂಟಿಕೊಂಡಿದೆ. ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಹುದ್ದೆಗಳಿಗೆ ಕ್ರೀಡಾಪಟುಗಳನ್ನು ನೇರವಾಗಿ ತೆಗೆದುಕೊಳ್ಳುವ ಅವಕಾಶವಿದೆ, ಆ ಕ್ರೀಡೆಗಳ ಪಟ್ಟಿಯಲ್ಲಿ ವಾಲಿಬಾಲ್ ಇದೆ. ಅದಕ್ಕೆ ಬೇಕಾದ ಅರ್ಹತೆ ದೇಶವನ್ನೋ ರಾಜ್ಯವನ್ನೋ ಪ್ರತಿನಿಧಿಸಿರುವುದು, ಅಥವಾ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ವಿಶ್ವವಿದ್ಯಾಲಯದ ಪರ ಆಡಿರುವುದು. ನಾಸಿಕ್ಕಿನ ಕಾಲೇಜು ಹುಡುಗನಿಗೆ ಪುಣೆ ವಿಶ್ವವಿದ್ಯಾಲಯದ ತಂಡ, ಛತ್ರಪತಿ ಸಂಭಾಜಿನಗರದವನಿಗೆ ಮರಾಠವಾಡಾ ವಿಶ್ವವಿದ್ಯಾಲಯದ ತಂಡ, ಧಾರವಾಡದವನಿಗೆ ಕರ್ನಾಟಕ ವಿಶ್ವವಿದ್ಯಾಲಯದ ತಂಡ. ಆಯ್ಕೆಯ ದಿನ ಆ ಹನ್ನೆರಡು ಹೆಸರುಗಳಲ್ಲಿ ಒಂದಾದರೆ ಮುಂದೆ ಮನೆಗೆ ತಿಂಗಳ ಸಂಬಳ ಬರುವ ಸಾಧ್ಯತೆ ಇದೆ. ಹದಿಮೂರನೆಯವನಾದರೆ ಇಲ್ಲ. ಹನ್ನೆರಡನೆಯವನಿಗೂ ಹದಿಮೂರನೆಯವನಿಗೂ ಇರುವ ವ್ಯತ್ಯಾಸವನ್ನು ಯಾರು ಯಾವುದರಿಂದ ಅಳೆಯುತ್ತಾರೆ? ಒಂದೆರಡು ದಿನದ ಆಯ್ಕೆ ಶಿಬಿರದಲ್ಲಿ ಕಣ್ಣಿಗೆ ಬೀಳುವುದು ಜಿಗಿತ ಮತ್ತು ಹೊಡೆತ. ಚೆಂಡನ್ನು ಸದ್ದಿಲ್ಲದೆ ಲಿಫ್ಟರ್‌ನ ತಲೆಯ ಮೇಲೆ ತಲುಪಿಸುವವನು ಕಣ್ಣಿಗೆ ಬೀಳುವುದಿಲ್ಲ. ಅವನ ಕೆಲಸ ಚೆನ್ನಾಗಿ ಆದಷ್ಟೂ ಅದು ಕೆಲಸವೇ ಅಲ್ಲವೆಂಬಂತೆ ತೋರುತ್ತದೆ.

ಈ ಅನ್ಯಾಯಕ್ಕೆ ಮದ್ದು ದುಬಾರಿಯಲ್ಲ. ಸರ್ವ್ ತೆಗೆದುಕೊಂಡ ಪ್ರತಿ ಸಲವೂ ಸೊನ್ನೆಯಿಂದ ಮೂರರವರೆಗೆ ಒಂದು ಅಂಕ ಕೊಡುವ ಪದ್ಧತಿ ಜಗತ್ತಿನ ವಾಲಿಬಾಲ್‌ನಲ್ಲಿ ದಶಕಗಳಿಂದ ಇದೆ. ಪಾಸ್ ಲಿಫ್ಟರ್‌ನ ಕೈಗೇ ಬಂದು, ಅವನು ಮುಂದಿನ ಯಾವ ಹೊಡೆತಗಾರನಿಗೆ ಬೇಕಾದರೂ ಎತ್ತಿಕೊಡಬಹುದಾದರೆ 3. ಅವನು ಎರಡು ಹೆಜ್ಜೆ ಸರಿಯಬೇಕಾಗಿ ಬಂದು ಇಬ್ಬರಿಗೆ ಮಾತ್ರ ಕೊಡಬಹುದಾದರೆ 2. ಓಡಿಹೋಗಿ ಹೇಗೋ ಒಂದು ಮೂಲೆಗೆ ಎತ್ತರದ ಚೆಂಡು ಕೊಡುವುದೊಂದೇ ದಾರಿಯಾದರೆ 1. ಚೆಂಡು ಕೈತಪ್ಪಿ ಪಾಯಿಂಟೇ ಹೋದರೆ 0. ಒಬ್ಬ ಹತ್ತು ಸರ್ವ್ ತೆಗೆದುಕೊಂಡು ನಾಲ್ಕು ಬಾರಿ 3, ಮೂರು ಬಾರಿ 2, ಎರಡು ಬಾರಿ 1, ಒಮ್ಮೆ 0 ಪಡೆದನೆಂದುಕೊಳ್ಳಿ. ಒಟ್ಟು 20, ಸರಾಸರಿ 2.0. ಇನ್ನೊಬ್ಬ ಎರಡು ಬಾರಿ 3, ಎರಡು ಬಾರಿ 2, ನಾಲ್ಕು ಬಾರಿ 1, ಎರಡು ಬಾರಿ 0 ಪಡೆದರೆ ಒಟ್ಟು 14, ಸರಾಸರಿ 1.4. ಮೊದಲನೆಯವನು ತೆಗೆದುಕೊಂಡಾಗ ಎದುರಿನ ಬ್ಲಾಕ್‌ಗೆ ಚೆಂಡು ಎಲ್ಲಿಂದ ಬರುತ್ತದೆಂದು ಊಹಿಸಬೇಕಾಗುತ್ತದೆ. ಎರಡನೆಯವನು ತೆಗೆದುಕೊಂಡಾಗ ಬಹಳ ಸಲ ಚೆಂಡು ಎಲ್ಲಿಗೆ ಹೋಗುತ್ತದೆಂದು ಮೊದಲೇ ಗೊತ್ತಾಗಿ, ಇಬ್ಬರು ಬಂದು ಗೋಡೆ ಕಟ್ಟಿ ನಿಂತಿರುತ್ತಾರೆ. ಆ ಗೋಡೆಗೆ ಹೊಡೆದು ಬೈಸಿಕೊಳ್ಳುವವನು ಸ್ಮ್ಯಾಷರ್. ತಪ್ಪು ಹುಟ್ಟಿದ್ದು ಒಂದು ಕಡೆ, ಬೈಗುಳ ಬಿದ್ದಿದ್ದು ಇನ್ನೊಂದು ಕಡೆ.

ಹೊಡೆಯುವವರ ಲೆಕ್ಕವೂ ಹೀಗೆಯೇ ಕಣ್ಣನ್ನು ಸುಳ್ಳು ಮಾಡುತ್ತದೆ. ಇಪ್ಪತ್ತು ಬಾರಿ ಹೊಡೆದು ಹತ್ತು ಪಾಯಿಂಟ್ ತಂದವನು ಅಂದಿನ ವೀರ. ಆದರೆ ಅವನ ಆರು ಹೊಡೆತ ನೆಟ್ಟಿಗೋ ಗೆರೆಯಾಚೆಗೋ ಎದುರಿನ ಬ್ಲಾಕ್‌ಗೋ ಹೋಗಿ ಪಾಯಿಂಟ್ ಕಳೆದಿದ್ದರೆ ತಂಡಕ್ಕೆ ಉಳಿದದ್ದು ನಾಲ್ಕೇ. ಅದೇ ಇಪ್ಪತ್ತರಲ್ಲಿ ಎಂಟು ಪಾಯಿಂಟ್ ತಂದು ಒಂದನ್ನು ಮಾತ್ರ ಕಳೆದವನು ಉಳಿಸಿದ್ದು ಏಳು. ಮೊದಲನೆಯವನಿಗೆ ಚಪ್ಪಾಳೆ ಹೆಚ್ಚು, ಎರಡನೆಯವನಿಂದ ಲಾಭ ಹೆಚ್ಚು.

ಹಳೆಯ ನಿಯಮಗಳ ಕಾಲದಲ್ಲಿ ಈ ಕಳೆಯುವ ಲೆಕ್ಕವನ್ನು ಮರೆತರೂ ಹೇಗೋ ನಡೆಯುತ್ತಿತ್ತು. ಆಗ ಸರ್ವ್ ಮಾಡುವ ತಂಡಕ್ಕೆ ಮಾತ್ರ ಪಾಯಿಂಟ್. ಸರ್ವ್ ನೆಟ್ಟಿಗೆ ಹೋದರೆ ಎದುರಾಳಿಗೆ ಸಿಗುತ್ತಿದ್ದದ್ದು ಸರ್ವ್ ಮಾಡುವ ಸರದಿ, ಅಷ್ಟೇ. 1990ರ ದಶಕದ ಕೊನೆಯಲ್ಲಿ ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಷನ್ ಎರಡು ಬದಲಾವಣೆ ತಂದಿತು. ಪ್ರತಿ ರ‍್ಯಾಲಿಗೂ ಒಂದು ಪಾಯಿಂಟ್ ಎಂದಿತು. ಹಿಂದಿನ ಸಾಲಿನಲ್ಲಿ ಚೆಂಡು ತೆಗೆಯುವುದೇ ಕೆಲಸವಾದ, ಬೇರೆ ಬಣ್ಣದ ಅಂಗಿಯ ಲಿಬೆರೊ ಎಂಬ ಆಟಗಾರನಿಗೆ ಜಾಗ ಕೊಟ್ಟಿತು. ಮೊದಲ ಬದಲಾವಣೆಯಿಂದ ಪ್ರತಿ ತಪ್ಪಿಗೂ ಪೂರ್ತಿ ಬೆಲೆ ಬಂತು. ಎರಡನೆಯದರಿಂದ, ಕುಳ್ಳಗಿದ್ದರೂ ಚುರುಕಾಗಿ ಚೆಂಡು ತೆಗೆಯುವವರಿಗೆ ಈ ಆಟದಲ್ಲಿ ಹೆಸರಿರುವ ಒಂದು ಸ್ಥಾನ ಬಂತು. ನಿಯಮ ಬದಲಾಗಿ ಕಾಲು ಶತಮಾನ ಕಳೆದಿದೆ. ಮೈದಾನದ ಅಂಚಿನಲ್ಲಿ ನಿಂತು ನೋಡುವ ಕಣ್ಣು ಇನ್ನೂ ಬದಲಾಗಿಲ್ಲ.

ತಮ್ಮನ್ನು ತಾವು ಓದಿಕೊಂಡು ಗೆದ್ದ ತಂಡಗಳ ಚರಿತ್ರೆ ದೊಡ್ಡದು. ಜಪಾನಿನ ಪುರುಷರ ತಂಡ 1964ರ ಒಲಿಂಪಿಕ್ಸ್‌ನಲ್ಲಿ ಕಂಚು, 1968ರಲ್ಲಿ ಬೆಳ್ಳಿ, 1972ರ ಮ್ಯೂನಿಕ್‌ನಲ್ಲಿ ಚಿನ್ನ ಗೆದ್ದಿತು. ಕೋಚ್ ಯಸುತಾಕ ಮತ್ಸುದೈರ ಅವರ ಮುಂದಿದ್ದ ಎದುರಾಳಿಗಳು ಪೂರ್ವ ಯುರೋಪಿನ ಎತ್ತರದ ಆಟಗಾರರು. ನೆಟ್ಟಿನ ಮೇಲೆ ಅವರ ಜೊತೆ ಎತ್ತರದಲ್ಲಿ ಪೈಪೋಟಿ ಸಾಧ್ಯವಿರಲಿಲ್ಲ. ಜಪಾನಿಗರು ಆ ಕೊರತೆಯನ್ನು ಒಪ್ಪಿಕೊಂಡು ಸಮಯದಲ್ಲಿ ಪೈಪೋಟಿಗಿಳಿದರು. ಗಿಡ್ಡ, ವೇಗದ ಸೆಟ್‌ಗಳು ಬಂದವು. ಒಬ್ಬ ಹಾರಿದಂತೆ ತೋರಿಸಿ ಇನ್ನೊಬ್ಬ ಹೊಡೆಯುವ ಜೋಡಿ ದಾಳಿಗಳು ಬಂದವು. ಜುಂಗೊ ಮೊರಿತ ಎಂಬ ಆಟಗಾರ ಹಾರುವಂತೆ ನಟಿಸಿ, ಎದುರಿನ ಬ್ಲಾಕ್ ಮೇಲೆದ್ದು ಕೆಳಗಿಳಿಯುವ ಹೊತ್ತಿಗೆ ತಾನು ಹಾರಿ ಹೊಡೆಯುವ ಉಪಾಯಕ್ಕೆ ಹೆಸರಾದ. ಎದುರಾಳಿಯ ಬ್ಲಾಕ್ ಯಾವಾಗ ಏಳುತ್ತದೆ ಎಂಬ ತಿಳಿವಳಿಕೆ ಇದಕ್ಕೆ ಬೇಕೇ ಬೇಕು. ಆದರೆ ಅದಕ್ಕೂ ಮೊದಲು ತಮ್ಮ ಎತ್ತರ ಎಷ್ಟು ಎಂಬುದನ್ನು ಮುಲಾಜಿಲ್ಲದೆ ಒಪ್ಪಿಕೊಂಡಿರಬೇಕು.

ಅಮೆರಿಕದ ಪುರುಷರ ತಂಡದ್ದು ಇನ್ನೂ ನೇರವಾದ ಉದಾಹರಣೆ. ಆಗ ತಂಡಗಳು ಸಾಮಾನ್ಯವಾಗಿ ನಾಲ್ವರನ್ನೋ ಐವರನ್ನೋ ಸರ್ವ್ ತೆಗೆದುಕೊಳ್ಳಲು ನಿಲ್ಲಿಸುತ್ತಿದ್ದವು. ಎಲ್ಲರಿಗೂ ಸಮಪಾಲು ಎಂಬ ಹಳೆಯ ನಂಬಿಕೆ. ಕೋಚ್ ಡಗ್ ಬೀಲ್ ಅವರ ತಂಡದಲ್ಲಿ ಆ ಕೆಲಸ ಬಹುಮಟ್ಟಿಗೆ ಇಬ್ಬರ ಪಾಲಿಗೆ ಬಂತು: ಕಾರ್ಚ್ ಕಿರಾಯ್ ಮತ್ತು ಆಲ್ಡಿಸ್ ಬೆರ್ಜಿನ್ಸ್. ಚೆನ್ನಾಗಿ ಪಾಸ್ ಮಾಡುವವರು ಅಂಕಣವನ್ನೆಲ್ಲ ನೋಡಿಕೊಳ್ಳಲಿ, ಉಳಿದವರು ಹೊಡೆಯುವುದಕ್ಕೆ ಸಜ್ಜಾಗಲಿ ಎಂಬ ಸರಳ ಹಂಚಿಕೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆ ತಂಡ ಚಿನ್ನ ಗೆದ್ದಾಗ, ಸೋವಿಯತ್ ಒಕ್ಕೂಟ ಬಂದಿರಲಿಲ್ಲ ಎಂದು ಮೂಗು ಮುರಿಯುವ ಅವಕಾಶವಿತ್ತು. 1988ರಲ್ಲಿ ಸಿಯೋಲ್‌ನ ಫೈನಲ್‌ನಲ್ಲಿ ಅಮೆರಿಕ ಸೋವಿಯತ್ ತಂಡವನ್ನೇ ಸೋಲಿಸಿದ ಮೇಲೆ ಆ ಅವಕಾಶವೂ ಉಳಿಯಲಿಲ್ಲ. ಎಲ್ಲರೂ ಎಲ್ಲವನ್ನೂ ಮಾಡಬೇಕು ಎಂಬ ಮಾತು ಕೇಳಲು ಚೆನ್ನ. ಯಾರು ಯಾವುದನ್ನು ಚೆನ್ನಾಗಿ ಮಾಡುತ್ತಾರೆ ಎಂದು ಅಳೆದು ನೋಡಿದ ತಂಡ ಅದನ್ನು ಕೈಬಿಟ್ಟು ಗೆದ್ದಿತು.

ಇದೆಲ್ಲ ಒಲಿಂಪಿಕ್ಸ್ ಮಟ್ಟದ ಮಾತು, ಭಾರತಕ್ಕೇನು ಎಂದು ಕೇಳುವವರು 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಡೆದ ಒಂದು ಪಂದ್ಯದ ಸ್ಕೋರ್ ನೋಡಬೇಕು. ಭಾರತ ಬಲಿಷ್ಠ ದಕ್ಷಿಣ ಕೊರಿಯಾವನ್ನು 25–27, 29–27, 25–22, 20–25, 17–15ರಿಂದ ಸೋಲಿಸಿತು. ದಕ್ಷಿಣ ಕನ್ನಡದ ಅಶ್ವಲ್ ರೈ ಇದ್ದ ತಂಡ ಅದು. ಐದೂ ಸೆಟ್‌ಗಳ ಪಾಯಿಂಟ್‌ಗಳನ್ನು ಕೂಡಿಸಿದರೆ ಭಾರತದ್ದು 116, ಕೊರಿಯಾದ್ದೂ 116. ಒಂದು ಪಾಯಿಂಟಿನ ವ್ಯತ್ಯಾಸವೂ ಇಲ್ಲ. ಇಡೀ ಪಂದ್ಯದಲ್ಲಿ ಎರಡೂ ತಂಡ ಸಮಾನವಾಗಿ ಪಾಯಿಂಟ್ ಗಳಿಸಿದವು, ಒಂದು ಮಾತ್ರ ಗೆದ್ದಿತು. ಈ ಆಟದಲ್ಲಿ ಗೆಲುವು ಎಷ್ಟು ತೆಳುವಾದ ಗೆರೆಯ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಯಾವ ಸರದಿಯಲ್ಲಿ ಯಾರು ತೆಗೆದ ಒಂದು ಸರ್ವ್ ಆ ಗೆರೆಯನ್ನು ಸರಿಸಿತು ಎಂಬುದನ್ನು ಸ್ಕೋರ್‌ಬೋರ್ಡ್ ಹೇಳುವುದಿಲ್ಲ. ಅದನ್ನು ಹೇಳುವುದು ನೋಟ್‌ಬುಕ್.

ಅಂತರರಾಷ್ಟ್ರೀಯ ತಂಡಗಳಲ್ಲಿ ಈಗ ಆ ನೋಟ್‌ಬುಕ್ ಕಂಪ್ಯೂಟರ್ ಆಗಿದೆ. ಇಟಲಿಯ ಡೇಟಾ ವಾಲಿ ಎಂಬ ಸಾಫ್ಟ್‌ವೇರ್‌ನಲ್ಲಿ ಚೆಂಡಿನ ಒಂದೊಂದು ಸ್ಪರ್ಶವನ್ನೂ ದಾಖಲಿಸುವವರು ಕೋಚ್‌ಗೆ ಅಂಕಿಗಳನ್ನು ಕಳಿಸುತ್ತಿರುತ್ತಾರೆ. ಭಾರತದಲ್ಲೂ ವೃತ್ತಿಪರ ಲೀಗ್ ಬಂದಿದೆ. 2023ರ ಪ್ರೈಮ್ ವಾಲಿಬಾಲ್ ಲೀಗ್ ಫೈನಲ್‌ನಲ್ಲಿ ಅಹಮದಾಬಾದ್‌ಗೆ ಸೋತಿದ್ದ ಬೆಂಗಳೂರು ಟಾರ್ಪಿಡೋಸ್ ತಂಡ 2025ರಲ್ಲಿ ಮುಂಬೈ ಮೀಟಿಯರ್ಸ್ ಅನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಮೊದಲ ಬಾರಿ ಪ್ರಶಸ್ತಿ ಎತ್ತಿತು. ಅದರ ಕೋಚ್ ಡೇವಿಡ್ ಲೀ, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ಮಿಡ್ಲ್ ಬ್ಲಾಕರ್. ಎದುರಿನ ಲಿಫ್ಟರ್‌ನ ಭುಜ, ಮಣಿಕಟ್ಟು, ಪಾದ ನೋಡಿ ಚೆಂಡು ಎತ್ತ ಹೋಗುತ್ತದೆಂದು ಅರೆಕ್ಷಣದಲ್ಲಿ ಊಹಿಸುವುದು ಆ ಸ್ಥಾನದವರ ನಿತ್ಯದ ಕೆಲಸ. ಆದರೆ ಲೀಗ್‌ನ ಈ ಶಿಸ್ತು ಜಿಲ್ಲಾ ಮಟ್ಟದ ಮೈದಾನಗಳಿಗೆ ತಾನಾಗಿ ಇಳಿದು ಬರುವುದಿಲ್ಲ. ಅಲ್ಲಿ ಅದನ್ನು ಯಾರಾದರೂ ಕೈಯಾರೆ ಶುರುಮಾಡಬೇಕು.

ಹಾಗಾದರೆ ಎದುರಾಳಿಯ ಅಧ್ಯಯನ ಬೇಡವೇ? ಬೇಕು, ಅದರ ಸರದಿ ಎರಡನೆಯದು. ಈಗ ನಡೆಯುವ ಅಧ್ಯಯನ ಬಹಳ ಸಲ ‘ಅವರ ಏಳನೇ ನಂಬರ್ ಜೋರಾಗಿ ಹೊಡೆಯುತ್ತಾನೆ, ಹುಷಾರು’ ಎಂಬಲ್ಲಿಗೆ ಮುಗಿಯುತ್ತದೆ. ಇದರಿಂದ ಭಯ ಹುಟ್ಟುತ್ತದೆ, ಮಾಹಿತಿ ಹುಟ್ಟುವುದಿಲ್ಲ. ಉಪಯೋಗಕ್ಕೆ ಬರುವ ಪ್ರಶ್ನೆಗಳು ಮೂರು. ಅವರ ಲಿಫ್ಟರ್ ಮುಂದಿನ ಸಾಲಿನಲ್ಲಿ ಇರುವುದು ಯಾವ ಸರದಿಗಳಲ್ಲಿ? ಆಗ ನೆಟ್ಟಿನ ಬಳಿ ಹೊಡೆಯುವವರು ಇಬ್ಬರೇ, ಅವನು ಹಿಂದಿದ್ದಾಗ ಮೂವರು. ಬ್ಲಾಕ್ ಹೇಗೆ ನಿಲ್ಲಬೇಕೆಂಬುದು ಇದರ ಮೇಲೆ ನಿಂತಿದೆ. ಎರಡನೆಯದು, ಪಾಸ್ ಕೆಟ್ಟಾಗ ಆ ಲಿಫ್ಟರ್ ಯಾರನ್ನು ನಂಬುತ್ತಾನೆ? ಇಕ್ಕಟ್ಟಿನಲ್ಲಿ ಹೆಚ್ಚಿನವರು ಒಬ್ಬನ ಕಡೆಗೇ ತಿರುಗುತ್ತಾರೆ. ಮೂರನೆಯದು, ಸರ್ವ್ ತೆಗೆಯುವ ಯಾವ ಇಬ್ಬರ ನಡುವೆ ಚೆಂಡು ಬಿದ್ದರೆ ‘ನಿನ್ನದು, ನಿನ್ನದು’ ಎಂದು ನಿಂತುಬಿಡುತ್ತಾರೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಪಂದ್ಯದ ಅರ್ಧ ತಯಾರಿ ಆದಂತೆ. ಆದರೆ ಉತ್ತರ ಗೊತ್ತಿದ್ದೂ ಆ ಇಬ್ಬರ ನಡುವೆ ಸರ್ವ್ ಇಡುವ ಕೈ ತಮ್ಮಲ್ಲಿ ಯಾರಿಗಿದೆ ಎಂದು ತಿಳಿಯದಿದ್ದರೆ? ಅಧ್ಯಯನ ಮತ್ತೆ ತಮ್ಮ ತಂಡದ ಬಾಗಿಲಿಗೇ ಬಂದು ನಿಲ್ಲುತ್ತದೆ.

ತಮ್ಮ ಸರದಿಗಳ ಲೆಕ್ಕ ಇಟ್ಟವರಿಗೆ ಖರ್ಚಿಲ್ಲದ ಪರಿಹಾರಗಳೂ ಸಿಗುತ್ತವೆ. ಒಂದು ತಂಡ 25–20ರಿಂದ ಸೆಟ್ ಸೋತಿತು ಎಂದಿಟ್ಟುಕೊಳ್ಳಿ. ಆರು ಸರದಿಗಳಲ್ಲಿ ಗಳಿಸಿದ್ದು, ಕಳೆದದ್ದು ಬೇರೆಬೇರೆ ಬರೆದು ನೋಡಿದಾಗ ಐದು ಸರದಿಗಳಲ್ಲಿ ಸಮಸಮ, ಆ ಐದು ಪಾಯಿಂಟುಗಳ ಅಂತರವೆಲ್ಲ ಒಂದೇ ಸರದಿಯಲ್ಲಿ ಎಂದು ತಿಳಿಯಬಹುದು. ಆಗ ಇಡೀ ತಂಡವನ್ನು ಗದರಿಸುವ ಬದಲು ಆ ಒಂದು ಸರದಿಯಲ್ಲಿ ಸರ್ವ್ ತೆಗೆಯಲು ನಿಲ್ಲುವ ಜಾಗ ಬದಲಿಸಬಹುದು. ಮುಂದಿನ ಸೆಟ್ಟಿನಲ್ಲಿ ಆ ಸರದಿ ಕೊನೆಗೆ ಬರುವಂತೆ ಆಟಗಾರರನ್ನು ನಿಲ್ಲಿಸಬಹುದು. ಇದಕ್ಕೆ ಹೊಸ ಆಟಗಾರ ಬೇಡ, ಹಣವೂ ಬೇಡ. ಪಂದ್ಯಾವಳಿಯ ದಿನ ಬೇರೆ ಊರಿನಿಂದ ಇಬ್ಬರು ಅತಿಥಿ ಆಟಗಾರರನ್ನು ಕರೆತಂದು ಗೆಲ್ಲಲು ನೋಡುವ ತಂಡಗಳಿಗೆ ಮಾತ್ರ ಈ ದಾರಿ ಮುಚ್ಚಿದೆ. ನಿನ್ನೆ ಇಲ್ಲದ, ನಾಳೆ ಇರದ ತಂಡವನ್ನು ಯಾರೂ ಅಧ್ಯಯನ ಮಾಡಲಾರರು.

ಆಕ್ಷೇಪಗಳಿವೆ, ಅವು ಹಗುರವಲ್ಲ. ಹತ್ತು ಸರ್ವ್‌ಗಳ ಸರಾಸರಿಯಿಂದ ಒಬ್ಬನ ಹಣೆಬರಹ ಬರೆಯಬಾರದು ಎಂಬುದು ನಿಜ, ನಾಲ್ಕಾರು ಪಂದ್ಯಗಳ ಲೆಕ್ಕವಾದರೂ ಬೇಕು. ಎದುರಾಳಿಗಳು ಬೇಕೆಂದೇ ಒಬ್ಬನ ಮೇಲೆ ಕಷ್ಟದ ಸರ್ವ್ ಎಸೆಯುತ್ತಿದ್ದರೆ ಅವನ ಅಂಕ ಕಡಿಮೆಯಾಗುವುದು ಸಹಜ, ಅಂಕದ ಜೊತೆ ಸರ್ವ್ ಮಾಡಿದವರು ಯಾರೆಂದೂ ಬರೆಯಬೇಕು. 2ಕ್ಕೂ 3ಕ್ಕೂ ಗೆರೆ ಎಳೆಯುವುದು ನೋಡುವವರ ಕಣ್ಣು, ಹಾಗಾಗಿ ಒಬ್ಬರೇ ಸತತವಾಗಿ ಬರೆಯುವುದು ಒಳ್ಳೆಯದು. ಎಲ್ಲಕ್ಕಿಂತ ದೊಡ್ಡ ಅಪಾಯ, ಅಂಕಿಗಳು ಅವಮಾನದ ಆಯುಧವಾಗುವುದು. ಸೋತ ರಾತ್ರಿ ಎಲ್ಲರೆದುರು 1.4 ಎಂದು ಓದಿ ಹೇಳಿದರೆ ಆ ಹುಡುಗ ಮರುದಿನ ಚೆಂಡು ಬಂದಾಗ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಅಲ್ಲಿಗೆ ಆ ನೋಟ್‌ಬುಕ್ ತಂಡಕ್ಕೆ ನಷ್ಟವನ್ನೇ ಮಾಡಿದಂತಾಯಿತು. ಲೆಕ್ಕವನ್ನು ಮೊದಲು ಅವನ ಕೈಗೇ ಕೊಟ್ಟು, ಯಾವ ಸರ್ವ್ ಕಷ್ಟವಾಯಿತು ಎಂದು ಅವನನ್ನೇ ಕೇಳುವ ಕೋಚ್ ಇದ್ದರೆ ಅದೇ 1.4 ಮುಂದಿನ ತಿಂಗಳ ಅಭ್ಯಾಸದ ಪಟ್ಟಿಯಾಗುತ್ತದೆ.

ಸಂಜೆಯ ಆಟ ಸಂತೋಷಕ್ಕೆ, ಅದರಲ್ಲೂ ಲೆಕ್ಕ ಏಕೆ ಎನ್ನುವವರಿಗೆ ಉತ್ತರ ಸುಲಭ: ಬೇಡ. ಡ್ಯೂಟಿ ಮುಗಿಸಿ ಬಂದು ಕತ್ತಲಾಗುವವರೆಗೆ ಆಡುವವರನ್ನು ಯಾರೂ ಅಳೆಯಬೇಕಿಲ್ಲ. ಆದರೆ ಯಾರಾದರೊಬ್ಬರನ್ನು ಆರಿಸಿ ಇನ್ನೊಬ್ಬರನ್ನು ಬಿಡುವ ಕ್ಷಣ ಬಂದಾಗ ಸಂತೋಷದ ವಾದ ನಿಲ್ಲುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಆಧಾರ. ನಾಸಿಕ್ ರೋಡ್‌ನ ಮುದ್ರಣಾಲಯದಂಥ ಜಾಗದಲ್ಲಿ ಕೆಟ್ಟುಹೋದ ಹಾಳೆಗೂ ಲೆಕ್ಕ ಇಡಬೇಕಾಗುತ್ತದೆ, ಏಕೆಂದರೆ ಲೆಕ್ಕಕ್ಕೆ ಸಿಗದ ಒಂದು ಹಾಳೆ ಇಡೀ ವ್ಯವಸ್ಥೆಯ ನಂಬಿಕೆ ಕೆಡಿಸುತ್ತದೆ. ಒಬ್ಬ ಹುಡುಗನ, ಒಬ್ಬ ಹುಡುಗಿಯ ನೌಕರಿ ತೂಗಾಡುತ್ತಿರುವ ಆಯ್ಕೆಯಲ್ಲಿ ಕೆಟ್ಟ ಪಾಸ್‌ಗಳಿಗೂ ಒಳ್ಳೆಯ ಪಾಸ್‌ಗಳಿಗೂ ಅಷ್ಟಾದರೂ ಬೆಲೆ ಇರಬೇಡವೇ?

ಶುರುಮಾಡಲು ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ನು, ಬೆಂಚಿನ ಮೇಲೆ ಕೂತಿರುವ ಒಬ್ಬ ಬದಲಿ ಆಟಗಾರ. ಅಥವಾ ಮೊಣಕಾಲು ನೋವಿನಿಂದ ಆಟ ಬಿಟ್ಟ ಹಿರಿಯರೊಬ್ಬರು. ಫೋನ್ ಇದ್ದರೆ ಅದನ್ನು ಹಿಂದಿನ ಗೆರೆಯ ಆಚೆ, ಸ್ವಲ್ಪ ಎತ್ತರದಲ್ಲಿ ಕಟ್ಟಿಡಬಹುದು. ಪಕ್ಕದಿಂದ ತೆಗೆದ ವಿಡಿಯೊದಲ್ಲಿ ಹೊಡೆತ ಚೆನ್ನಾಗಿ ಕಾಣುತ್ತದೆ, ಹಿಂದಿನಿಂದ ತೆಗೆದದ್ದರಲ್ಲಿ ಆರೂ ಜನ ನಿಂತ ಜಾಗ ಕಾಣುತ್ತದೆ. ಮರಾಠಿ, ಹಿಂದಿ, ಕನ್ನಡ, ಮಲಯಾಳಂ ಮಾತಾಡುವವರು ಒಂದೇ ಅಂಕಣದಲ್ಲಿ ಬೆರೆಯುವ ಊರುಗಳಲ್ಲಿ 0, 1, 2, 3 ಎಂಬ ಭಾಷೆ ಎಲ್ಲರಿಗೂ ಅರ್ಥವಾಗುತ್ತದೆ.

ಕರಾವಳಿಯಿಂದ ಮರಾಠವಾಡದವರೆಗೆ ಪಂದ್ಯಾವಳಿ ನಡೆಸುವ ಸಂಘಗಳೂ ಒಂದು ಕೆಲಸ ಮಾಡಬಹುದು. ಹೊನಲು ಬೆಳಕಿನ ಪಂದ್ಯಗಳ ಕೊನೆಯಲ್ಲಿ ಉತ್ತಮ ಅಟ್ಯಾಕರ್‌ಗೆ, ಉತ್ತಮ ಲಿಫ್ಟರ್‌ಗೆ, ಸರ್ವಾಂಗೀಣ ಆಟಗಾರನಿಗೆ ಟ್ರೋಫಿ ಕೊಡುತ್ತಾರೆ. ಉತ್ತಮವಾಗಿ ಸರ್ವ್ ತೆಗೆದವರಿಗೆ ಕೊಡುವುದು ವಿರಳ. ಕೊಡಬೇಕೆಂದು ಹೊರಟರೆ ಯಾರೋ ಒಬ್ಬರು ಕೂತು ಎಣಿಸಲೇಬೇಕಾಗುತ್ತದೆ. ಆ ಟ್ರೋಫಿಯ ನಿಜವಾದ ಲಾಭ ಆ ಎಣಿಕೆ. ಮುಂದಿನ ಆಯ್ಕೆ ಶಿಬಿರಕ್ಕೆ ಹೋಗುವಾಗ ಹದಿಮೂರನೆಯವನ ಜೇಬಿನಲ್ಲಿ ತೋರಿಸಲು ಒಂದು ಕಾಗದವಾದರೂ ಇರುತ್ತದೆ.